ಕಾಗದದಲ್ಲಿ ನಿನ್ನ ಹೆಸರೂ ಇರಲಿ

ಮಗಳೇ,

ಅತ್ತೆಯವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಸುದ್ದಿಯನ್ನು ಅಳಿಯಂದಿರು ಫೋನಿನಲ್ಲಿ ಹೇಳಿದರು. ಒಂದು ಬದಿ ಬಿದ್ದುಹೋದವರ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ನೋಡುವುದು, ಗಂಟಲಲ್ಲಿ ಸಿಕ್ಕದಂತೆ ಗಂಜಿ ಕುಡಿಸುವುದು, ಇವನ್ನೆಲ್ಲ ಫಿಸಿಯೋದವರೂ ನರ್ಸಮ್ಮನೂ ಕಲಿಸುತ್ತಾರೆ. ಯಾರೂ ಕಲಿಸದ ಒಂದು ವಿಷಯಕ್ಕಾಗಿ ಈ ಪತ್ರ. ನಾಳೆ ಊರೇ ಬಂದ್ ಆದರೆ, ನೀನು ಯಾರು, ರಸ್ತೆಗೆ ಯಾಕೆ ಬಂದೆ ಎಂದು ತೋರಿಸಲು ನಿನ್ನ ಕೈಯಲ್ಲಿ ಏನಿರುತ್ತದೆ? ನಿನ್ನಂಥವರು ಬಹಳ ಮಂದಿ ಇರುವುದರಿಂದ ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಕೋವಿಡ್ ಬಂದಾಗ ನೀನು ಇನ್ನೂ ಅಹಮದಾಬಾದಿನ ಈ ನರೋಡಾಕ್ಕೆ ಬಂದಿರಲಿಲ್ಲ. 2020ರ ಮೇ 6ರ ಸಂಜೆ ಅಹಮದಾಬಾದಿನಲ್ಲಿ ಒಂದು ಆದೇಶ ಬಂತು. ಆ ಮಧ್ಯರಾತ್ರಿಯಿಂದ ಮೇ 15ರವರೆಗೆ ಹಾಲು ಮತ್ತು ಔಷಧಿ ಬಿಟ್ಟರೆ ಮತ್ತೇನೂ ತೆರೆಯುವುದಿಲ್ಲ; ತರಕಾರಿಯೂ ಇಲ್ಲ, ಕಿರಾಣಿಯೂ ಇಲ್ಲ. ಗುಂಪು ಸೇರಬಾರದೆಂದು ಮಾಡಿದ ಆದೇಶ ಅದೇ ಸಂಜೆ ಊರನ್ನೆಲ್ಲ ಅಂಗಡಿಗಳ ಮುಂದೆ ಗುಂಪು ಸೇರಿಸಿತು. ಕಾಲು ಗಟ್ಟಿ ಇದ್ದವರು ಓಡಿ ಹೋಗಿ ವಾರಕ್ಕಾಗುವಷ್ಟು ತಂದರು. ನಿನ್ನ ದೊಡ್ಡಮ್ಮ ಪಾರ್ಶ್ವವಾಯುವಾಗಿ ಮಲಗಿದ್ದಳು, ಅವಳನ್ನು ಒಬ್ಬಳನ್ನೇ ಬಿಟ್ಟು ನಾನೆಲ್ಲಿ ಓಡಲಿ? ಪಕ್ಕದ ಮನೆಯ ಹುಡುಗ ಎರಡು ಕಿಲೋ ಆಲೂಗೆಡ್ಡೆ ತಂದುಕೊಟ್ಟ.

ಆಲೂಗೆಡ್ಡೆಯಲ್ಲಿ ದಿನ ದೂಡಬಹುದು. ಕಷ್ಟವಾದದ್ದು ಅವಳನ್ನು ನೋಡಿಕೊಳ್ಳಲು ಬರುತ್ತಿದ್ದ ಆಯಾ ಬೆನ್ ಬರಲಾಗದೆ ಹೋದದ್ದು. ಚೌಕದಲ್ಲಿ ಪೊಲೀಸರು ತಡೆದು 'ಕಾಗಳ್ ಬತಾವೋ' ಎಂದರಂತೆ. ಯಾವ ಕಾಗದ ತೋರಿಸಬೇಕು ಆಕೆ? ಅವಳು ನರ್ಸಲ್ಲ, ಆಸ್ಪತ್ರೆಯ ನೌಕರಳಲ್ಲ. ಅರವತ್ತು ಕಿಲೋ ತೂಕದ ಹೆಂಗಸನ್ನು ಸೊಂಟಕ್ಕೆ ಕೈಕೊಟ್ಟು ಎತ್ತಬಲ್ಲಳು ಎಂಬುದಕ್ಕೆ ಯಾವ ಕಚೇರಿಯೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಹೊಟ್ಟೆ ಉರಿಸುವ ಮಾತು ಇನ್ನೊಂದಿದೆ. ಅಂಗವಿಕಲರ ಆರೈಕೆ ಮಾಡುವವರಿಗೆ ನಿರ್ಬಂಧದಿಂದ ವಿನಾಯಿತಿ ಕೊಡಬೇಕು, ಇಲ್ಲವೇ ಸುಲಭವಾಗಿ ಪಾಸು ಕೊಡಬೇಕು ಎಂದು ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ 2020ರ ಮಾರ್ಚಿನಲ್ಲಿಯೇ, ಲಾಕ್‌ಡೌನ್ ಶುರುವಾದ ಮೊದಲ ದಿನಗಳಲ್ಲೇ, ಮಾರ್ಗಸೂಚಿ ಹೊರಡಿಸಿತ್ತು. ಅದು ಆಯಾಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ, ಚೌಕದ ಪೇದೆಗೂ ಗೊತ್ತಿರಲಿಲ್ಲ. ದೆಹಲಿಯಲ್ಲಿ ಹುಟ್ಟಿದ ನಿಯಮ ನರೋಡಾದ ಚೌಕಕ್ಕೆ ನಡೆದುಕೊಂಡು ಬರುವಷ್ಟರಲ್ಲಿ ನಮ್ಮ ಕಷ್ಟದ ದಿನಗಳೇ ಮುಗಿದಿದ್ದವು.

ಮನೆಯಲ್ಲೇ ಪ್ರತ್ಯೇಕವಾಗಿರುವ ಸೋಂಕಿತರಿಗೆ ಆರೋಗ್ಯ ಸಚಿವಾಲಯ ಕೊಟ್ಟ ಸೂಚನೆಯಲ್ಲೂ ಆರೈಕೆ ಮಾಡುವವರ ಹೆಸರು ಬಂತು, ಆದರೆ ಷರತ್ತಾಗಿ: ಇಪ್ಪತ್ನಾಲ್ಕು ಗಂಟೆಯೂ ಒಬ್ಬರು ಲಭ್ಯವಿರಬೇಕು. ಆ ಒಬ್ಬರೇ ಜ್ವರ ಬಂದು ಮಲಗಿದರೆ ಗತಿಯೇನು ಎಂಬ ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ಮಂಜೇಶ್ವರದ ಕಡೆಯವರು ಇದಕ್ಕಿಂತ ಘೋರವಾದದ್ದನ್ನು ನೋಡಿದರು. ಅದೇ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಡಯಾಲಿಸಿಸ್‌ಗೂ ಹೆರಿಗೆಗೂ ತಲೆಮಾರುಗಳಿಂದ ಮಂಗಳೂರನ್ನೇ ನಂಬಿದ ಕಾಸರಗೋಡಿನ ಜನ ಆಂಬುಲೆನ್ಸಿನಲ್ಲಿ ಕಾದರು, ದಾರಿ ಸಿಗದೆ ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟು, ಸುಪ್ರೀಂ ಕೋರ್ಟಿನವರೆಗೆ ಹೋಗಿ, ರೋಗಿಗಳನ್ನು ಬಿಡುವ ಕ್ರಮವೊಂದು ಗೊತ್ತಾಗುವಾಗ ಏಪ್ರಿಲ್ 7 ಆಗಿತ್ತು. ಡಯಾಲಿಸಿಸ್ ವಾರಕ್ಕೆ ಎರಡೋ ಮೂರೋ ಬಾರಿ ಬೇಕು. ಲೆಕ್ಕ ನೀನೇ ಹಾಕು.

2021ರ ಏಪ್ರಿಲಿನ ಅಲೆಯಲ್ಲಿ ಅಹಮದಾಬಾದಿನ ನಿಯಮ ಇನ್ನೂ ವಿಚಿತ್ರ. 108 ಆಂಬುಲೆನ್ಸಿನಲ್ಲಿ ಬಂದವರಿಗೆ ಮಾತ್ರ ನಿಗದಿತ ಕೋವಿಡ್ ಆಸ್ಪತ್ರೆಗಳಲ್ಲಿ ಹಾಸಿಗೆ. ರಿಕ್ಷಾದಲ್ಲೋ ಮಗನ ಕಾರಿನಲ್ಲೋ ಬಂದವರು ಗೇಟಿನ ಹೊರಗೆ. ಗುಜರಾತ್ ಹೈಕೋರ್ಟ್ ಗದರಿದ ಮೇಲೆ ತಿಂಗಳ ಕೊನೆಗೆ ಅದು ಹೋಯಿತು. ಲಸಿಕೆಯ ಕಥೆಯೂ ಹಾಗೇ. ಅರವತ್ತು ದಾಟಿದವರಿಗೆ ಮಾರ್ಚ್ 1ಕ್ಕೆ ಆರಂಭವಾಯಿತು, ಆದರೆ ಹಾಸಿಗೆ ಬಿಟ್ಟು ಏಳಲಾಗದವರಿಗೆ ಮನೆಗೇ ಬಂದು ಕೊಡಿ ಎಂದು ಕೇಂದ್ರ ಹೇಳಿದ್ದು ಸೆಪ್ಟೆಂಬರಿನಲ್ಲಿ. ಎಲ್ಲರಿಗಿಂತ ಮೊದಲು ಬೇಕಾದವರು ಕೊನೆಗೆ ನಿಂತರು. ಇದರಲ್ಲಿ ಕೆಟ್ಟ ಮನಸ್ಸು ಇತ್ತೆಂದು ನಾನು ಹೇಳಲಾರೆ. ಆದೇಶ ಬರೆಯುವವನ ಕಣ್ಣ ಮುಂದೆ ಮನೆಯೆಂದರೆ ನಾಲ್ಕು ಜನ ಆರೋಗ್ಯವಂತರು ಕೂತು ಟೀವಿ ನೋಡುವ ಮನೆ, ಅಷ್ಟೆ.

ಆದ್ದರಿಂದ, ಊರು ನೆಮ್ಮದಿಯಾಗಿರುವ ಈಗಲೇ ಕಾಗದ ಮಾಡಿಸಿಕೋ. ಅತ್ತೆಯವರಿಗೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕು. ಅರ್ಜಿ ಆನ್‌ಲೈನ್, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಸ್ಥಿತಿ ಸ್ಥಿರವಾಗಲಿ, ಆಮೇಲೆ ಬನ್ನಿ ಎಂದರೆ ಬೇಸರಿಸಬೇಡ, ಮತ್ತೆ ಹೋಗು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಎಂಟನೇ ಸೆಕ್ಷನ್ ಆಪತ್ತಿನ ಕಾಲದಲ್ಲಿ ಸಮಾನ ರಕ್ಷಣೆಯ ಮಾತಾಡುತ್ತದೆ. ಇಪ್ಪತ್ನಾಲ್ಕನೆಯದರಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬ ಮಾತೂ ಇದೆ. ಸರ್ಕಾರದ ಶಕ್ತಿಯ ಮಿತಿಯೊಳಗೆ ಎಂಬ ಬಾಲವೂ ಇದೆ. ಕೇರಳದಲ್ಲಿ 'ಆಶ್ವಾಸಕಿರಣಂ' ಎಂಬ ಯೋಜನೆ ತಿಂಗಳಿಗೆ 600 ರೂಪಾಯಿ ಇಟ್ಟಿತು. ಡಯಪರಿಗೂ ಸಾಲದು. ಆದರೂ ಆ ಹಣ ರೋಗಿಯ ಹೆಸರಿಗಲ್ಲ, ನೋಡಿಕೊಳ್ಳುವವರಿಗೆಂದೇ ಇಟ್ಟದ್ದು. ನನಗೆ ದೊಡ್ಡದಾಗಿ ಕಾಣುವುದು ಅದು.

ನರರೋಗದ ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿಕೊ: ಈ ರೋಗಿ ತಾನಾಗಿ ಏಳಲಾರರು, ಇಂಥವರು ಇವರನ್ನು ನೋಡಿಕೊಳ್ಳುತ್ತಾರೆ. ನಿನ್ನ ಹೆಸರು, ಅಳಿಯಂದಿರ ಹೆಸರು, ಆಯಾಳ ಹೆಸರು, ಮೂರೂ ಇರಲಿ. ಇಂಥ ಕಾಗದ ಪಾಸಲ್ಲ, ಒಪ್ಪಲೇಬೇಕೆಂಬ ಕಾನೂನೂ ಇಲ್ಲ. ಆದರೆ ಬರಿಗೈಯ ಹೆಂಗಸಿಗೂ ಮೊಹರಿರುವ ಕಾಗದದ ಹೆಂಗಸಿಗೂ ಚೌಕದಲ್ಲಿ ಎಷ್ಟು ವ್ಯತ್ಯಾಸ ಎಂದು ನಾನು ಕಂಡಿದ್ದೇನೆ.

ಇನ್ನೊಂದು. ಅತ್ತೆಯವರಿಗೆ ಗುಜರಾತಿ ಬಾರದು. ಹಿಂದಿಯೂ ಅಷ್ಟಕ್ಕಷ್ಟೆ. ಆಗ ಕೋವಿಡ್ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಮತ್ತೆ ಹಾಗೇ ಆದರೆ, ನೀರು ಬೇಕು, ನೋವಾಗುತ್ತಿದೆ, ಮೂತ್ರಕ್ಕೆ ಹೋಗಬೇಕು ಎಂದು ಕನ್ನಡದಲ್ಲಿ ಕೂಗಿದರೆ ಅಸಾರ್ವಾದ ಸಿವಿಲ್ ಆಸ್ಪತ್ರೆಯಲ್ಲಿ ಯಾರಿಗೆ ತಿಳಿಯಬೇಕು? ಒಂದು ರಟ್ಟಿನ ಮೇಲೆ ಹತ್ತು ಮಾತು ಕನ್ನಡದಲ್ಲೂ ಗುಜರಾತಿಯಲ್ಲೂ ಬರೆದಿಡು, ಕೊನೆಗೆ ನಿನ್ನ ಫೋನ್ ನಂಬರು. ಔಷಧಿಯ ಪಟ್ಟಿಯನ್ನೂ ಅದರ ಹಿಂದೆ ಅಂಟಿಸು.

ಈಗ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಅಳಿಯಂದಿರೂ ಓದಲಿ. 'ಎಂಥ ಸೊಸೆ, ದೇವರಂಥವಳು' ಎಂದು ಬಂಧುಗಳು ಹೊಗಳಲು ಶುರುಮಾಡಿದ್ದಾರಂತೆ. ಹೊಗಳುವವರು ಪಾಳಿ ಹಿಡಿಯುವುದಿಲ್ಲ. ಡಯಪರ್ ಬದಲಿಸುವುದು, ಮಂಚದಿಂದ ಕುರ್ಚಿಗೆ ಕೂರಿಸುವುದು ಮಗನಿಗೂ ಬರಬೇಕು. ಜಿಐಡಿಸಿ ಕೈಗಾರಿಕಾ ವಸಾಹತಿನ ಪಾಳಿ ಮುಗಿಸಿ ಸುಸ್ತಾಗಿ ಬಂದೆ ಎಂಬುದು ಕಾರಣವಲ್ಲ, ನಾನೂ ಅಲ್ಲೇ ದುಡಿದವನು. ನೀನು ಜ್ವರದಲ್ಲಿ ಮಲಗಿದ ದಿನ ಕಲಿಯಲು ಹೊರಟರೆ ಇಬ್ಬರು ರೋಗಿಗಳಾಗುತ್ತೀರಿ. ಎದುರು ಮನೆಯ ಅಕ್ಕನಿಗೂ ಒಂದು ಬೀಗದ ಕೈ ಕೊಟ್ಟಿರು.

ಬರುವ ಭಾನುವಾರ ಬೆಳಿಗ್ಗೆ ನಾನು ಬಂದು ಅತ್ತೆಯವರ ಹತ್ತಿರ ಕೂರುತ್ತೇನೆ, ಮಧ್ಯಾಹ್ನದವರೆಗೆ ನಿನಗೆ ರಜ. ಅರ್ಜಿಗೆ ಬೇಕಾದ ಆಧಾರ್ ಪ್ರತಿ, ಅವರ ಎರಡು ಫೋಟೋ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ತೆಗೆದಿಟ್ಟಿರು. ಅಡಿಗೆ ಮಾಡಬೇಡ, ನಾನೇ ತರುತ್ತೇನೆ.

ನಿನ್ನ ದೊಡ್ಡಪ್ಪ,
ನರೋಡಾ