ಬೂದು ಬಣ್ಣದ ಕತ್ತಲಿಗೆ ಎಷ್ಟು ಖರ್ಚು ಮಾಡಬೇಕು?

ಗೇಮ್‌ನಲ್ಲಿ ಕತ್ತಲ ದೃಶ್ಯ ಬಂದಾಗ ಕಪ್ಪೆಲ್ಲ ಬೂದುಬೂದಾಗಿ ಕಾಣುವುದು, ಇಲ್ಲವೇ ಮೂಲೆಯಲ್ಲಿ ನಿಂತ ಶತ್ರು ನೆರಳಲ್ಲೇ ಕರಗಿಹೋಗುವುದು: ಎರಡಕ್ಕೂ ಬಹಳ ಮಂದಿಗೆ ಮೊದಲು ಹೊಳೆಯುವ ಪರಿಹಾರ ಹೊಸ ಮಾನಿಟರ್. ನನಗೆ ಅದು ಅವಸರದ ಖರ್ಚು. ದೋಷ ಎಷ್ಟೋ ಸಲ ಪರದೆಯಲ್ಲಿರುವುದಿಲ್ಲ, ಕಂಪ್ಯೂಟರ್ ಕಳಿಸುವ ಸಿಗ್ನಲ್‌ನಲ್ಲಿರುತ್ತದೆ. ಎಚ್‌ಡಿಎಂಐ ಮೂಲಕ ಬಣ್ಣಗಳು ಎರಡು ಅಳತೆಯಲ್ಲಿ ಹೋಗಬಹುದು: 0ಯಿಂದ 255ರವರೆಗಿನ ಫುಲ್ ರೇಂಜ್, ಟಿವಿಗೆಂದು ಬಂದ 16ರಿಂದ 235ರ ಲಿಮಿಟೆಡ್ ರೇಂಜ್. ಗ್ರಾಫಿಕ್ಸ್ ಕಾರ್ಡ್ ಲಿಮಿಟೆಡ್ ಕಳಿಸಿ ಮಾನಿಟರ್ ಅದನ್ನು ಫುಲ್ ಎಂದು ಓದಿದರೆ ಕಪ್ಪು ಬೂದಾಗುತ್ತದೆ. ತಿರುವುಮುರುವಾದರೆ 16ಕ್ಕಿಂತ ಕೆಳಗಿನ ನೆರಳೆಲ್ಲ ಒಂದೇ ಕಪ್ಪು ಮುದ್ದೆ. ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ ಇದನ್ನು ಸರಿಪಡಿಸಲು ಕಾಸು ಬೇಕಿಲ್ಲ. ಸರಿಪಡಿಸದೆ ಹೊಸ ಮಾನಿಟರ್ ತಂದರೆ ಅದೇ ಬೂದು ಅದರ ಮೇಲೂ ಬಂದು ಕೂರಬಹುದು. ವಿಂಡೋಸ್‌ನಲ್ಲಿ ಎಚ್‌ಡಿಆರ್ ಸುಮ್ಮನೆ ಆನ್ ಆಗಿದ್ದು ಸಾಧಾರಣ ಗೇಮ್‌ಗಳು ಪೇಲವವಾಗಿ ಕಾಣುವುದೂ ಇದೇ ಜಾತಿಯ ತೊಂದರೆ.

‘ಸೆಟ್ಟಿಂಗ್ ಎಲ್ಲ ನೋಡಿಯಾಯಿತು, ಪ್ಯಾನೆಲ್ಲೇ ಕಳಪೆ’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000ಕ್ಕೆ 1ರ ಆಸುಪಾಸು. ಅಂದರೆ ಬಿಳಿಯ ಹೊಳಪು 300 ನಿಟ್ಸ್ ಇದ್ದಾಗ ಕಪ್ಪು 0.3 ನಿಟ್ಸ್ ಬೆಳಗುತ್ತಿರುತ್ತದೆ. ದೀಪ ಆರಿಸಿದ ಕೋಣೆಯಲ್ಲಿ ಅದು ಕಣ್ಣಿಗೆ ಹೊಡೆದು ಕಾಣುತ್ತದೆ. ಆದರೆ ಅದೇ ಮಾನಿಟರ್‌ನ ಬ್ರೈಟ್‌ನೆಸ್ಸನ್ನು 120 ನಿಟ್ಸ್‌ಗೆ ಇಳಿಸಿದರೆ ಕಪ್ಪೂ 0.12ಕ್ಕೆ ಇಳಿಯುತ್ತದೆ. ಪರದೆಯ ಹಿಂದೆ ಗೋಡೆಗೆ ಮುಖಮಾಡಿ ಒಂದು ಮಂದ ದೀಪವಿಟ್ಟರೆ ಕಣ್ಣಿಗೆ ಆ ಕಪ್ಪು ಇನ್ನಷ್ಟು ಗಾಢ. ವಿಎ ಪ್ಯಾನೆಲ್ 3000ಕ್ಕೆ 1 ಕೊಡುತ್ತದೆ ನಿಜ, ಆದರೆ ಅಗ್ಗದ ವಿಎಗಳಲ್ಲಿ ಕತ್ತಲ ಭಾಗ ಚಲಿಸುವಾಗ ಮಸಿ ಬಳಿದಂತೆ ಹಿಂದೆ ಜಾಡು ಉಳಿಯುತ್ತದೆ. ಕತ್ತಲ ವಿವರಕ್ಕೆಂದು ದುಡ್ಡು ಕೊಟ್ಟು, ಅದೇ ವಿವರವನ್ನು ಓಟದಲ್ಲಿ ಕಳೆದುಕೊಂಡಂತೆ. ಓಎಲ್‌ಇಡಿಯಲ್ಲಿ ಕಪ್ಪು ಎಂದರೆ ಪಿಕ್ಸೆಲ್ಲೇ ಆರುವುದು, ಅದಕ್ಕೆ ಸಾಟಿಯಿಲ್ಲ. ಆದರೆ ದುಬಾರಿ ಬೆಲೆಯ ಜತೆಗೆ ಬರ್ನ್-ಇನ್, ಅಂದರೆ ಒಂದೇ ಚಿತ್ರ ಪರದೆಯಲ್ಲಿ ಅಚ್ಚೊತ್ತಿ ಉಳಿಯುವ ಭಯವೂ ಬರುತ್ತದೆ, ಹಗಲೆಲ್ಲ ಅದೇ ಪರದೆಯಲ್ಲಿ ಎಕ್ಸೆಲ್ ತೆರೆದಿಡುವವರಿಗೆ ವಿಶೇಷವಾಗಿ.

ಮಾನಿಟರ್ ಮೆನುವಿನ ಬ್ಲ್ಯಾಕ್ ಈಕ್ವಲೈಜರ್ ಏರಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸ್ಪರ್ಧೆಯ ಆಟಕ್ಕೆ ಸಾಕು. ಅದು ನೆರಳನ್ನು ಎತ್ತಿ ತೋರಿಸುತ್ತದೆ. ಅದರ ಬೆಲೆ ಕಾಂಟ್ರಾಸ್ಟೇ, ಹಾಗಾಗಿ ಕಪ್ಪು ಗಾಢವಾಗಿರಲಿ ಎನ್ನುವವರು ಅದನ್ನು ಇಳಿಸಿಯೇ ಇಡಬೇಕು. ಇನ್ನು ‘ನೋ ಕಾಸ್ಟ್ ಇಎಂಐ ಇದೆಯಲ್ಲ’ ಎಂಬ ವಾದ. ಅಲ್ಲಿ ಬಡ್ಡಿ ಇಲ್ಲವೆಂದಲ್ಲ, ರಿಯಾಯಿತಿಯ ರೂಪದಲ್ಲಿ ಸರಿದೂಗಿಸಿರುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ, ಹಲವು ಬ್ಯಾಂಕ್‌ಗಳ ಪ್ರೊಸೆಸಿಂಗ್ ಶುಲ್ಕ ನಮ್ಮ ಜೇಬಿನಿಂದಲೇ ಹೋಗುತ್ತವೆ.

ಇಷ್ಟಾದ ಮೇಲೂ, ರಾತ್ರಿ ಹೊತ್ತು ಹಾರರ್ ಗೇಮ್‌ಗಳನ್ನೇ ಆಡುವವರು ಒಳ್ಳೆಯ ಪ್ಯಾನೆಲ್‌ಗೆ ಖರ್ಚು ಮಾಡಿದರೆ ನನ್ನ ತಕರಾರಿಲ್ಲ. ಪೆಟ್ಟಿಗೆಯ ಮೇಲಿನ ಡಿಸ್‌ಪ್ಲೇಎಚ್‌ಡಿಆರ್ 400 ಚೀಟಿಗೆ ಮಾತ್ರ ಹೆಚ್ಚುವರಿ ಹಣ ಕೊಡಬೇಡಿ. ಕತ್ತಲ ಭಾಗದ ಹಿಂಬೆಳಕನ್ನಷ್ಟೇ ತಗ್ಗಿಸುವ ಲೋಕಲ್ ಡಿಮ್ಮಿಂಗ್ ಆ ದರ್ಜೆಗೆ ಕಡ್ಡಾಯವಲ್ಲ. ‘ಡೈನಾಮಿಕ್ ಕಾಂಟ್ರಾಸ್ಟ್’ ಎಂದು ಲಕ್ಷ, ಕೋಟಿಗಳಲ್ಲಿ ಬರೆದ ಅಂಕಿಯನ್ನು ಬಿಟ್ಟು, ಸ್ಟ್ಯಾಟಿಕ್ ಕಾಂಟ್ರಾಸ್ಟ್ ಎಷ್ಟೆಂದು ಅಂಗಡಿಯವರನ್ನು ಕೇಳಿ.