ಕೊಳಗ ಒಂದೇ ಇರಲಿ

ಕೂಸೇ, ದೀಪಾವಳಿಗೆ ಬಂದವಳು ಬಟ್ಟೆಯ ಚೀಲಕ್ಕಿಂತ ಪುಸ್ತಕದ ಚೀಲವನ್ನೇ ಭಾರ ಮಾಡಿಕೊಂಡು ಬಂದಿದ್ದೆ. ಜಗಲಿಯಲ್ಲಿ ಸುರಿದಾಗ ಒಂದರ ಮುಖಪುಟದಲ್ಲಿದ್ದ ಗಡ್ಡದವನನ್ನು ನೋಡಿ ನಿನ್ನ ಅಜ್ಜಿ "ಇದ್ಯಾವ ಋಷಿಯೇ?" ಎಂದಳು. ನೀನು ನಕ್ಕುಬಿಟ್ಟೆ. ಪ್ರಾಚೀನ ಹೀಬ್ರೂ ಜನ ಲೋಕದ ಧರ್ಮಚಿಂತನೆಗೆ ಏನು ಕೊಟ್ಟರು ಎಂದು ಪ್ರಬಂಧ ಬರೆಯಬೇಕು, ಎಲ್ಲಿಂದ ಹಿಡಿಯಲಿ ಎಂದು ಕೇಳಿದೆ. ನಾನು ಕೊನೆಕಾರರ ಲೆಕ್ಕದಲ್ಲಿದ್ದೆ, ಹೂಂಗುಟ್ಟಿ ಸುಮ್ಮನಾದೆ. ನೀನು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಅರ್ಧ ಪುಸ್ತಕ ಇಲ್ಲೇ ಬಿಟ್ಟೆಯಲ್ಲ, ಬೇಸಿಗೆಯೆಲ್ಲ ಅವನ್ನೇ ಓದಿದೆ. ಈಗ ನಮ್ಮ ನಗರ ಹೋಬಳಿಗೆ ಮಳೆ ಹಿಡಿದಿದೆ, ತೋಟಕ್ಕೆ ಇಳಿಯುವ ಹಾಗಿಲ್ಲ. ಹೇಳುವಷ್ಟು ಹೇಳುತ್ತೇನೆ.

ಮೊದಲು ಬೈಬಲ್ಲಿನ ಬಗ್ಗೆ ಇರುವ ಪುಸ್ತಕವನ್ನು ಮುಚ್ಚಿ ಬೈಬಲ್ಲನ್ನೇ ತೆಗೆ. ಅದೂ ಕನ್ನಡದ್ದನ್ನು. ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಇಪ್ಪತ್ತು ವರ್ಷ ಕೂತು ಮಾಡಿದ ಅನುವಾದ ಅದಕ್ಕೆ ತಾಯಿಬೇರು. ಆಮೇಲೆ ಮಂಗಳೂರು ಕಡೆಯ ಬಾಸೆಲ್ ಮಿಶನ್ನಿನವರು ತಿದ್ದಿದರು. ಪರಿವಿಡಿ ನೋಡು: ಆದಿಕಾಂಡ, ವಿಮೋಚನಕಾಂಡ, ಅರಣ್ಯಕಾಂಡ. ಈಜಿಪ್ಟಿನ ಜೀತ ಬಿಟ್ಟು ಹೊರಟವರು ಮರಳುಗಾಡಿನಲ್ಲಿ ಅಲೆದ ಕಥೆಗೆ ರಾಮಾಯಣದ ಹೆಸರು! ಆ ಮಾತು ಹೊಳೆದವರ ಕಿವಿಯಲ್ಲಿ ರಾಮಾಯಣ ಇದ್ದಿರಲೇಬೇಕು ಅನ್ನಿಸುತ್ತದೆ ನನಗೆ.

ಇನ್ನೊಂದು ಸೂಕ್ಷ್ಮ. 'ಹಳೆಯ ಒಡಂಬಡಿಕೆ' ಎನ್ನುವುದು ಕ್ರೈಸ್ತರು ಇಟ್ಟ ಹೆಸರು. ಯೆಹೂದ್ಯರಿಗೆ ಅದು ಹಳೆಯದಲ್ಲ, ಅದೊಂದೇ ಇರುವುದು. ತನಖ್ ಎನ್ನುತ್ತಾರೆ. ಕ್ರೈಸ್ತರು ಮೂವತ್ತೊಂಬತ್ತಾಗಿ ಎಣಿಸುವುದನ್ನೇ ಅವರು ಇಪ್ಪತ್ತನಾಲ್ಕಾಗಿ ಎಣಿಸುತ್ತಾರೆ. ಕ್ರೈಸ್ತರ ಜೋಡಣೆ ಮುಂದೆ ಬರುವವನನ್ನು ಕಾಯುವ ಪ್ರವಾದಿಯ ಮಾತಿನಲ್ಲಿ ಮುಗಿದರೆ, ಯೆಹೂದ್ಯರ ಜೋಡಣೆ ಊರಿಗೆ ಮರಳಿರಿ ಎಂಬ ಅಪ್ಪಣೆಯಲ್ಲಿ ಮುಗಿಯುತ್ತದೆ. ಪುಟ ಅವೇ, ಹೊಲಿಗೆ ಬೇರೆ. ಇದು ಗೊತ್ತಿಲ್ಲದವರೇ "ಹಳೆಯದರ ದೇವರು ಸಿಟ್ಟಿನವನು, ಹೊಸದರ ದೇವರು ಪ್ರೀತಿಯವನು" ಎಂದು ಬರೆದುಬಿಡುತ್ತಾರೆ. ಆ ವಾಕ್ಯ ನಿನ್ನ ಪ್ರಬಂಧದಲ್ಲಿ ಕಂಡರೆ ನಾನು ಮಾತಾಡಿಸುವುದಿಲ್ಲ.

ಓದುವಾಗ ನೋಹನ ಜಲಪ್ರಳಯದ ಕಥೆಯಲ್ಲಿ ಸ್ವಲ್ಪ ನಿಲ್ಲು. ಒಂದು ಕಡೆ ಪ್ರತಿ ಪ್ರಾಣಿಯಲ್ಲೂ ಒಂದು ಜೋಡಿ ಎನ್ನುತ್ತದೆ. ಪುಟ ತಿರುಗಿಸುವುದರೊಳಗೆ ಶುದ್ಧ ಪ್ರಾಣಿಗಳಾದರೆ ಏಳೇಳು ಎನ್ನುತ್ತದೆ. ಒಂದು ಕಡೆ ನಲವತ್ತು ಹಗಲು ನಲವತ್ತು ರಾತ್ರಿ ಮಳೆ. (ನಮ್ಮ ಕಡೆಯ ಹುಲಿಕಲ್ಲಿನ ಮಳೆ ಕಂಡವರು ಕೇಳಿದರೆ, ಆರಿದ್ರೆ, ಪುನರ್ವಸು, ಪುಷ್ಯ ಮಳೆ ಸೇರಿದರೆ ಅಷ್ಟಾಯಿತಲ್ಲ, ಅದಕ್ಕೆ ಹಡಗು ಯಾಕೆ ಎಂದಾರು.) ಇನ್ನೊಂದು ಕಡೆ ನೂರೈವತ್ತು ದಿನ ನೀರು ನಿಂತಿತ್ತು. ಇದನ್ನು ಕಂಡ ಫ್ರಾನ್ಸಿನ ವೈದ್ಯ ಜಾನ್ ಆಸ್ತ್ರುಕ್ 1753ರಲ್ಲೇ, ಇಲ್ಲಿ ಒಂದಕ್ಕಿಂತ ಹೆಚ್ಚು ಮೂಲಗಳು ಹೆಣೆದುಕೊಂಡಿವೆ ಎಂದ. ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ 1878ರ ತನ್ನ ಪುಸ್ತಕದಲ್ಲಿ ಅದನ್ನು ಗಟ್ಟಿ ಮಾಡಿದ: ಮೋಶೆ ಬರೆದ ಐದು ಗ್ರಂಥಗಳು ಎಂಬುದು ನಾಲ್ಕು ಕಾಲದ, ನಾಲ್ಕು ಕೈಯ ಕೆಲಸ. ಈಗಿನ ವಿದ್ವಾಂಸರು ನಾಲ್ಕೇ ಎಂದು ಹಟ ಹಿಡಿಯುವುದಿಲ್ಲ. ಆದರೆ ಒಂದೇ ಕೈ ಎನ್ನುವವರು ವಿಶ್ವವಿದ್ಯಾಲಯಗಳಲ್ಲಿ ವಿರಳ. ನಿನ್ನ ಚೀಲದಲ್ಲಿದ್ದ ರಿಚರ್ಡ್ ಫ್ರೀಡ್‌ಮನ್ನನ ಪುಸ್ತಕ, 1987ರದ್ದು, ಇದನ್ನು ಪತ್ತೇದಾರಿ ಕಥೆಯ ಹಾಗೆ ಹೇಳುತ್ತದೆ. ಅದರಿಂದ ಶುರು ಮಾಡು. ಫ್ರಾಯ್ಡ್ ಮೋಶೆಯ ಮೇಲೆ ಬರೆದ ಪುಸ್ತಕವನ್ನು ಕೊನೆಗಿಡು. ಅದರಲ್ಲಿ ಮೋಶೆಗಿಂತ ಫ್ರಾಯ್ಡನೇ ಹೆಚ್ಚು ಸಿಗುತ್ತಾನೆ.

1872ರಲ್ಲಿ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ಸ್ಮಿತ್ ಎಂಬವನು ಅಸೀರಿಯಾದ ಮಣ್ಣಿನ ಹಲಗೆ ಓದುತ್ತಿದ್ದಾಗ ಅದರಲ್ಲೂ ಹಡಗು, ನೀರು, ನೆಲ ಹುಡುಕಲು ಬಿಟ್ಟ ಹಕ್ಕಿ ಎಲ್ಲವೂ ಸಿಕ್ಕವು. ನೋಹನಿಗಿಂತ ಹಳೆಯ ನೋಹ.

ಇಲ್ಲಿ ನನ್ನ ಮುಖ್ಯ ಮಾತು. ನಮ್ಮ ಕಡೆಯ ಒಂದು ತಾಳಮದ್ದಳೆ ಮುಗಿದ ಮೇಲೆ ಕಾಫಿ ಕುಡಿಯುತ್ತ ಕೂತಿದ್ದೆವು. ಒಬ್ಬರು, ಓದಿಕೊಂಡವರೇ, ನೋಹನ ಕಥೆ ಬಾಬಿಲೋನಿನಿಂದ ಕದ್ದದ್ದಂತೆ ಎಂದು ಕೇಕೆ ಹಾಕಿ ನಕ್ಕರು. ಅದೇ ಉಸಿರಿನಲ್ಲಿ, ಮನುವಿನ ದೋಣಿಯನ್ನು ಮೀನು ಎಳೆದದ್ದು ಮಾತ್ರ ನಡೆದ ಇತಿಹಾಸ, ವಿಜ್ಞಾನ ಒಪ್ಪುತ್ತದೆ ಎಂದರು. ನಾನು ಸುಮ್ಮನಿದ್ದೆ. ವಯಸ್ಸಾದ ಮೇಲೆ ನನಗೆ ಬಂದ ಕೆಟ್ಟ ಅಭ್ಯಾಸ ಅದು. ಮನೆಗೆ ಬಂದಾಗ ನೆನಪಾದದ್ದು ನನ್ನ ಅಪ್ಪಯ್ಯ ಭತ್ತ ಅಳೆಯುತ್ತಿದ್ದ ಕೊಳಗ. ಕೆಲವು ಮನೆಗಳಲ್ಲಿ ಎರಡು ಕೊಳಗ ಇರುತ್ತಿದ್ದವು, ಗೇಣಿ ತೆಗೆದುಕೊಳ್ಳುವುದಕ್ಕೊಂದು, ಕೂಲಿ ಕೊಡುವುದಕ್ಕೊಂದು. ಪಾದ್ರಿಗಳೂ ಹಾಗೆಯೇ ಅಳೆದರು. ನಮ್ಮ ಪುರಾಣ ಕಟ್ಟುಕಥೆ, ತಮ್ಮದು ಸಾಕ್ಷಾತ್ ದೇವರ ಮಾತು. 'ಮಲೆಗಳಲ್ಲಿ ಮದುಮಗಳು' ಓದಿದ್ದೀಯಲ್ಲ, ನಮ್ಮ ತೀರ್ಥಹಳ್ಳಿ ಸೀಮೆಯ ಕಾಡಿನೊಳಗೆ ಪಾದ್ರಿ ಜೀವರತ್ನಯ್ಯನೂ 'ಬೀಸೆಕಲ್ಲು' ಎಂದು ಜನ ಕರೆದ ಸೈಕಲ್ ಸವಾರಿಯೂ ಬಂದಾಗ ಏನೇನಾಯಿತು ಎಂದು ಕುವೆಂಪು ಎಷ್ಟು ನಗುತ್ತ, ಎಷ್ಟು ನೋಯುತ್ತ ಬರೆದಿದ್ದಾರೆ.

ಕೊಳಗ ಬದಲಿಸದೆ ಅಳೆದವರು ಎರಡೂ ಕಡೆ ಇದ್ದಾರೆ, ಅವರನ್ನು ನೋಡು. ವೆಲ್‌ಹೌಸನ್, ಪಾದ್ರಿಯಾಗುವ ಹುಡುಗರಿಗೆ ಪಾಠ ಹೇಳುತ್ತಿದ್ದವನು, ನನ್ನ ಪಾಠ ಕೇಳಿ ಇವರು ಆ ಕೆಲಸಕ್ಕೆ ಆಗದವರಾಗುತ್ತಿದ್ದಾರೆ ಎಂದು 1882ರಲ್ಲಿ ಆ ಹುದ್ದೆಯನ್ನೇ ಬಿಟ್ಟ. ನಮ್ಮಲ್ಲಿ ಪುಣೆಯ ಭಂಡಾರಕರ ಸಂಸ್ಥೆಯವರು ದೇಶದ ಮೂಲೆಮೂಲೆಯ ಹಸ್ತಪ್ರತಿ ತರಿಸಿ, ಸಾಲು ಸಾಲಿಗೆ ಹೋಲಿಸಿ, ಯಾವುದು ಆಮೇಲೆ ಸೇರಿದ್ದು ಎಂದು ಗುರುತು ಹಾಕಿ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು 1966ರಲ್ಲಿ ಮುಗಿಸಿದರು. ಹೀಬ್ರೂ ಗ್ರಂಥದ ಪದರ ಬಿಡಿಸುವುದರಲ್ಲಿ ಉಮೇದು ಇದ್ದರೆ ಈ ಸಂಪುಟಗಳ ಅಡಿಟಿಪ್ಪಣಿಯನ್ನೂ ಓದು. ಆ ಅಡಿಟಿಪ್ಪಣಿ ಓದಲು ಮನಸ್ಸಿಲ್ಲದಿದ್ದರೆ ಹೀಬ್ರೂವಿನ ಪದರ ಬಿಡಿಸುವುದನ್ನೂ ಬಿಡು.

ಪ್ರಭಾವದ ಮಾತಿಗೆ ಬರೋಣ. ಒಬ್ಬನೇ ದೇವರು ಎಂಬ ಮಾತು ಒಂದು ದಿನ ಬೆಟ್ಟದಿಂದ ಇಳಿದು ಬಂತು ಎಂದು ಬರೆಯಬೇಡ. 1975ರಲ್ಲಿ ಸಿನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರೂದ್ ಎಂಬಲ್ಲಿ ಅಗೆಯತೊಡಗಿದಾಗ ಸಿಕ್ಕ ದೊಡ್ಡ ಮಣ್ಣಿನ ಹರವಿಗಳ ಮೇಲೆ, ಕ್ರಿ.ಪೂ. 800ರ ಆಸುಪಾಸಿನ ಮಸಿಯಲ್ಲಿ, 'ಯೆಹೋವ ಮತ್ತು ಅವನ ಅಶೇರಾ' ಎಂದು ಹರಸಿದ ಬರಹ ಇದೆ. ಅಶೇರಾ ದೇವಿಯೋ, ದೇವಿಯ ಗುರುತಿನ ಕಂಬವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ದೇವರ ಮಗ್ಗುಲಲ್ಲಿ ಅಮ್ಮನವರಿಗೂ ಒಂದು ಜಾಗ ಇತ್ತು ಎಂದರೆ ನಮ್ಮ ಕಡೆಯವರಿಗೆ ಆಶ್ಚರ್ಯವೇನೂ ಆಗುವುದಿಲ್ಲ.

ಹಾಗಾದರೆ ಆ ಅಮ್ಮ ಎಲ್ಲಿ ಹೋದಳು, ಒಬ್ಬನೇ ಹೇಗೆ ಉಳಿದ? ಇದಕ್ಕೆ ಉತ್ತರ ಹುಡುಕುವಾಗ ನನಗೆ ನಮ್ಮ ಮುಳುಗಡೆಯೇ ಕಣ್ಣಿಗೆ ಕಟ್ಟುತ್ತದೆ. ಲಿಂಗನಮಕ್ಕಿ ಅಣೆಕಟ್ಟಿಗೆ ನೀರು ನಿಂತ 1964ರ ಹೊತ್ತಿಗೆ ನಾನು ಹುಡುಗ. ಸಾಗರ, ಹೊಸನಗರ ಎರಡೂ ಕಡೆಯಿಂದ ಲಾರಿಗಳಲ್ಲಿ ಮನೆಯ ಕಂಬ, ಬಾಗಿಲು, ಒನಕೆ, ಕೊಟ್ಟಿಗೆಯ ದನ ಎಲ್ಲ ಹೋದವು. ಬನದ ಚೌಡಿ? ಅವಳು ಆ ಮರದ, ಆ ಕಲ್ಲಿನ ದೇವತೆ. ಕಲ್ಲು ಹೊತ್ತುಕೊಂಡು ಹೋದವರೂ ಇದ್ದರು, ಕೈಮುಗಿದು ನೀರಿಗೇ ಬಿಟ್ಟು ಅತ್ತವರೂ ಇದ್ದರು. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಜೆರೂಸಲೇಮಿನ ಗುಡಿ ಸುಟ್ಟು ಜನರನ್ನು ಎಳೆದೊಯ್ದಾಗ ಅವರ ಮುಂದಿದ್ದದ್ದು ಇದೇ ಕಷ್ಟ. ಗುಡಿ ಇಲ್ಲ, ಬಲಿ ಕೊಡುವ ಕಟ್ಟೆ ಇಲ್ಲ, ನೆಲವೂ ಇಲ್ಲ. ಪರದೇಶದ ಹೊಳೆಯ ದಡದಲ್ಲಿ ಕೂತು ಅತ್ತದ್ದು ಕೀರ್ತನೆಗಳಲ್ಲಿ ದಾಖಲಾಗಿದೆ. ಸೋತ ಊರಿನ ದೇವರೂ ಸೋತ ಎನ್ನುವುದು ಆ ಕಾಲದ ವಾಡಿಕೆ. ಇವರು ಹಾಗೆನ್ನಲಿಲ್ಲ. ನಮ್ಮ ದೇವರು ಸೋಲಲಿಲ್ಲ, ನಮ್ಮ ಅನ್ಯಾಯಕ್ಕೆ ಬಾಬಿಲೋನನ್ನೇ ಕೋಲು ಮಾಡಿಕೊಂಡು ಹೊಡೆದ ಎಂದರು. ಹಾಗೆನ್ನಬೇಕಾದರೆ ಬಾಬಿಲೋನೂ ಅವನ ಕೈಯಲ್ಲೇ ಇರಬೇಕು. ಅಂದರೆ ಬೇರೆ ದೇವರೇ ಇಲ್ಲ. ಗುಡಿಯ ಜಾಗಕ್ಕೆ ಗ್ರಂಥ ಬಂತು, ಬಲಿಯ ಜಾಗಕ್ಕೆ ಪ್ರಾರ್ಥನೆ. ಕ್ರೈಸ್ತರ ಇಗರ್ಜಿ, ಮುಸ್ಲಿಮರ ಮಸೀದಿ, ಎರಡರ ಅಡಿಪಾಯದಲ್ಲೂ ಈ ದೇಶಭ್ರಷ್ಟರ ಕಲ್ಲಿದೆ. ನಿನ್ನ ಪ್ರಬಂಧದ ಎದೆಗೂಡು ಇದೇ ಆಗಬೇಕು ಎಂದು ನನ್ನ ಆಸೆ.

ಹೋಲಿಸುವ ಚಪಲ ನನಗೂ ಇದೆ, ನೋಡಿದೆಯಲ್ಲ. ಹೋಲಿಸು, ಆದರೆ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಂತು ನೋಡು. ಬೈಬಲ್ಲಿನ ಯೋಬನ ಕಥೆ ಓದಿದರೆ ರಾಘವಾಂಕನ ಹರಿಶ್ಚಂದ್ರ ತಾನಾಗಿ ಬರುತ್ತಾನೆ. ಅಲ್ಲಿ ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ಪಂತ, ಇಲ್ಲಿ ದೇವರ ಓಲಗದಲ್ಲಿ ಸೈತಾನನ ಸವಾಲು. (ಈ ಸೈತಾನ ಕೊಂಬಿನವನಲ್ಲ. ಹೀಬ್ರೂವಿನಲ್ಲಿ ಅದು ಆಪಾದನೆ ಹೊರಿಸುವವನು ಎಂಬ ಪದವಿ, ಸರಕಾರಿ ವಕೀಲನ ಹಾಗೆ.) ಇಬ್ಬರೂ ಆಸ್ತಿ, ಮಕ್ಕಳು ಎಲ್ಲ ಕಳೆದುಕೊಳ್ಳುತ್ತಾರೆ. ಆದರೆ ಹರಿಶ್ಚಂದ್ರನಿಗೆ ತಾನು ಕೊಟ್ಟ ಮಾತು ಉಳಿಯುವುದೇ ಮುಖ್ಯ. ಯೋಬ ದೇವರ ಮೇಲೆಯೇ ದಾವೆ ಹೂಡುತ್ತಾನೆ. ನಾನು ಮಾಡಿದ ತಪ್ಪೇನು, ತೋರಿಸು ಎನ್ನುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು, ಏನೋ ಪಾಪ ಮಾಡಿರುತ್ತೀಯ, ಉಣ್ಣುತ್ತಿದ್ದೀಯ ಎನ್ನುತ್ತಾರೆ. ಸೂತಕದ ಮನೆಯಲ್ಲಿ ನಾವು ಆಡುವ ಕರ್ಮದ ಮಾತೇ ತಾನೆ ಅದು? ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಜಗಳವಾಡಿದವನೇ ಸರಿಯಾಗಿ ಮಾತಾಡಿದ ಎನ್ನುತ್ತಾನೆ. ಇದನ್ನು ಓದಿದ ರಾತ್ರಿ, ನಿನ್ನ ದೊಡ್ಡಪ್ಪ ತೀರಿಕೊಂಡಾಗ ನಾನು ನಿನ್ನ ದೊಡ್ಡಮ್ಮನಿಗೆ ಹೇಳಿದ ಮಾತುಗಳೆಲ್ಲ ನೆನಪಾಗಿ ನಿದ್ದೆ ಬರಲಿಲ್ಲ.

ಪ್ರವಾದಿ ಆಮೋಸನನ್ನು ಬಿಡಬೇಡ. ಕುರಿ ಕಾಯುತ್ತ ಅತ್ತಿಹಣ್ಣು ನೋಡಿಕೊಳ್ಳುತ್ತಿದ್ದ ಹಳ್ಳಿಯವನು, ಬಡವನನ್ನು ಮಾರಿಕೊಂಡು ಹಬ್ಬ ಮಾಡುವವರ ಹಬ್ಬ ದೇವರಿಗೆ ಹೇಸಿಗೆ ಎಂದ. ಶರಣರು ಪಕ್ಕನೆ ನೆನಪಾಗುತ್ತಾರೆ. ಆದರೆ ಶರಣನ ದೇವರು ಅಂಗೈಯಲ್ಲಿ, ಆಮೋಸನ ದೇವರು ನ್ಯಾಯಸ್ಥಾನದಲ್ಲಿ. ಏಳನೆಯ ದಿನದ ಬಿಡುವಿನ ಕಟ್ಟಳೆಯನ್ನೂ ಓದು, ಅದರಲ್ಲಿ ಆಳಿಗೂ ಎತ್ತಿಗೂ ಪಾಲಿದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ. ಮತ್ತೆ, ಟಿವಿಯಲ್ಲಿ ಬರುವ ಇಂದಿನ ಇಸ್ರೇಲಿನ ಸುದ್ದಿಯನ್ನು ಪ್ರವಾದಿಗಳ ಪುಟದೊಳಗೆ ತುರುಕಬೇಡ, ಯಾವ ಪಕ್ಷದವಳಾಗಿಯೂ.

ಇದೆಲ್ಲ ನಮಗೆ ದೂರದ್ದು ಅನ್ನಿಸಿದರೆ ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಓದು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 1132ರಲ್ಲಿ ಮಂಗಳೂರಿನಲ್ಲಿದ್ದ. ಆಶು ಎಂಬ ಇಲ್ಲಿಯ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳನ್ನೇ ಮದುವೆಯಾದ ಎಂದು ವಿದ್ವಾಂಸರ ಊಹೆ. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ. ಹೀಬ್ರೂ ಅಕ್ಷರದಲ್ಲಿ ಬರೆದ ಅರಬ್ಬಿ ಪತ್ರಗಳಲ್ಲಿ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ! ಘಟ್ಟದ ಸರಕು ತಾನೆ. ಆ ಪತ್ರಗಳು ಉಳಿದದ್ದು ಹೇಗೆ ಗೊತ್ತೇ? ದೇವರ ಹೆಸರು ಇರಬಹುದಾದ ಕಾಗದವನ್ನು ಹರಿದು ಬಿಸಾಡುವ ಹಾಗಿಲ್ಲ ಎಂದು ಅವರು ಪ್ರಾರ್ಥನಾಮಂದಿರದ ಒಂದು ಕೋಣೆಗೆ ತುಂಬುತ್ತಿದ್ದರು. ಕೈರೋದ ಅಂಥ ಕೋಣೆಯಿಂದ, ಏಳುನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಲಕ್ಷಗಟ್ಟಲೆ ತುಣುಕು ಹೊರಬಂದವು. ನಾವೂ ಅಕ್ಷರವನ್ನು ಕಾಲಲ್ಲಿ ಮುಟ್ಟಿದರೆ ಕಣ್ಣಿಗೆ ಒತ್ತಿಕೊಳ್ಳುವವರೇ. ಆದರೆ ನನ್ನ ಅಜ್ಜ ಹುಳ ಹಿಡಿದ ತಾಳೆಗರಿ ಕಟ್ಟುಗಳನ್ನು ಮಂತ್ರ ಹೇಳಿ ಹೊಳೆಗೆ ಬಿಟ್ಟರಂತೆ. ಅದರಲ್ಲಿ ಏನಿತ್ತೋ.

ನಿನ್ನ ಪುಸ್ತಕಗಳಿಗೆ ಆಗಲೇ ಬೂಷ್ಟು ಹಿಡಿಯಲು ಶುರುವಾಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಚೀಲದ ಪಕ್ಕ ಇಡಿಸಿದ್ದೇನೆ. ಹೊಗೆಗೆ ಪುಟ ಸ್ವಲ್ಪ ಕೆಂಪಾಗುತ್ತವೆ, ಬಯ್ಯಬೇಡ. ಘೋಷ್‌ನದ್ದು ಮಾತ್ರ ಕೆಳಗಿದೆ, ನಿನ್ನ ಅಜ್ಜಿ ಬೊಮ್ಮನ ಕಥೆಯನ್ನು ಇನ್ನೊಮ್ಮೆ ಹೇಳಿ ಎಂದಿದ್ದಾಳೆ.