ಲಾರಿ ಐತೆ, ಡ್ರೈವರ್ ಇಲ್ಲ

ಚಳ್ಳಕೆರೆ ಸೀಮೆಯ ನಮ್ಮದು ಮಳೆ ನಂಬಿದ ಈರುಳ್ಳಿ. ಕೊಯ್ಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಈ ಗಡ್ಡೆ ಬಹಳ ದಿನ ಇಟ್ಟರೆ ಉಳಿಯಲ್ಲ. ಚೀಲ ಹೊಲಿದ ಕೂಡಲೇ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಹೊರಡಬೇಕು. ಲಾರಿ ಮಾಲೀಕರಿಗೆ ಫೋನ್ ಮಾಡಿದರೆ ಈಗೀಗ ಒಂದೇ ಉತ್ತರ: "ಗಾಡಿ ನಿಂತೈತೆ ಯಜಮಾನ್ರೆ, ಓಡಿಸೋರಿಲ್ಲ."

ನಮ್ಮೂರಲ್ಲಿ ಲಾರಿ ಓಡಿಸುವವರು ನಾಲ್ಕು ಜನ. ನಾಲ್ವರಿಗೂ ಐವತ್ತು ದಾಟಿದೆ. ಅವರ ಹಿಂದೆ ಒಬ್ಬ ಹುಡುಗನೂ ಇಲ್ಲ.

ಕಲಿಯುವ ದಾರಿ ಮುಚ್ಚಿತು

ಮೊದಲು ಪ್ರತಿ ಲಾರಿಯಲ್ಲೂ ಕ್ಲೀನರ್ ಇರುತ್ತಿದ್ದ. ಟೈರು ಬಿಚ್ಚುತ್ತ, ಟಾರ್ಪಾಲು ಕಟ್ಟುತ್ತ ನಾಲ್ಕಾರು ವರ್ಷಕ್ಕೆ ಡ್ರೈವರ್ ಆಗುತ್ತಿದ್ದ. ಬಾಡಿಗೆ ಗಿಟ್ಟದೆ ಮಾಲೀಕರು ಕ್ಲೀನರನ್ನು ಬಿಟ್ಟರು. ಬೀಜದ ಗಡ್ಡೆಯನ್ನೂ ಮಾರಿಕೊಂಡ ಹಾಗಾಯ್ತು.

ಇನ್ನೊಂದು, ಕೂಲಿ ಇಲ್ಲದೆ ಕಾಯುವುದು. ಅನೇಕರಿಗೆ ಸಂಬಳ ಟ್ರಿಪ್ಪಿನ ಲೆಕ್ಕ. ಹೊಲದ ಬದುವಿನಲ್ಲಿ ಅರ್ಧ ದಿನ, ಮಂಡಿ ಮುಂದೆ ಅರ್ಧ ದಿನ ನಿಂತದ್ದಕ್ಕೆ ದುಡ್ಡಿಲ್ಲ. ಬೆಂಗಳೂರಲ್ಲಿ ಹಗಲು ಭಾರೀ ಗಾಡಿಗಳಿಗೆ ನಿರ್ಬಂಧ ಇರುವುದರಿಂದ ರಾತ್ರಿಯೇ ಓಡಬೇಕು. ಇದನ್ನು ನೋಡಿದ ಹುಡುಗರು ಕಾರು, ಆಟೋ ಹಿಡಿಯುತ್ತಾರೆ, ರಾತ್ರಿ ಮನೆಗೆ ಬರಬಹುದಲ್ಲ.

ಸರಕಾರ ಕೆಲವು ಗಂಟು ಸಡಿಲಿಸಿದೆ. ಲಾರಿ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲಿ ಹೋಯಿತು. ನನ್ನ ಹಾಗೆ ಏಳಕ್ಕೇ ಬಿಟ್ಟವರೂ ಪಡೆಯಬಹುದು. 20 ವರ್ಷ ತುಂಬಿರಬೇಕು, ಮೊದಲು ಲಘು ವಾಹನದ ಲೈಸೆನ್ಸ್ ಒಂದು ವರ್ಷ ಇರಬೇಕು. 2025ರಲ್ಲಿ ಹೊಸ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಯಿತು. ಆದರೆ ನಮ್ಮ ಹೊಲಕ್ಕೆ ಬರುವವು ಹಳೇ ಗಾಡಿಗಳೇ.

ನಾವು ಮಾಡಬಹುದಾದ್ದು

1. ಕೊಯ್ಲಿನ ಆಳು ಗೊತ್ತು ಮಾಡುವಾಗಲೇ ಲಾರಿಯನ್ನೂ, ಡ್ರೈವರನ್ನೂ ಗೊತ್ತು ಮಾಡಿ.

2. ಮೂರು-ನಾಲ್ಕು ಮನೆಯವರು ಕೂಡಿ ಡಾಂಬರು ರಸ್ತೆ ಪಕ್ಕದ ಒಂದೇ ಕಣದಲ್ಲಿ ಚೀಲ ಒಟ್ಟಿ. ಚೀಲಕ್ಕೆ ಬಣ್ಣದ ಗುರುತು ಹಾಕಿ.

3. ಲಾರಿ ಬರುವ ಮೊದಲೇ ಚೀಲ ಹೊಲಿದು, ತೂಗಿ, ಹಮಾಲರನ್ನು ಕರೆಸಿಕೊಳ್ಳಿ. ಅಳತೆ ಮೀರಿ ಹೇರಬೇಡಿ.

4. ಲೋಡ್ ಆಗುವಷ್ಟು ಹೊತ್ತು ಡ್ರೈವರಿಗೆ ಊಟ ಹಾಕಿ, ನೆರಳಲ್ಲಿ ಮಲಗಲು ಬಿಡಿ. ಟಾರ್ಪಾಲು ಕಟ್ಟುವುದು ನಮ್ಮ ಹುಡುಗರ ಕೆಲಸವಾಗಲಿ.

5. ಕಾಯಿಸಿದರೆ ತಾಸಿಗೆ ಇಷ್ಟು ಎಂದು ಮೊದಲೇ ಮಾತಾಡಿ, ಅವರ ಕೈಗೇ ಕೊಡಿ.

ಇದು ಬರೀ ಉಪಚಾರವಲ್ಲ. ಐವತ್ತೈದರ ಮನುಷ್ಯ ಹಗಲೆಲ್ಲ ಕಾದು, ಬೆಳಗಿನ ಜಾವ ಹಿರಿಯೂರಿನಾಚೆ ಹೆದ್ದಾರಿಯಲ್ಲಿ ಕಣ್ಣು ಮುಚ್ಚಿದರೆ ಹೋಗುವುದು ಈರುಳ್ಳಿ ಒಂದೇ ಅಲ್ಲ. ಮಾಲಿನ ಜೊತೆ ನಮ್ಮವನೊಬ್ಬನೂ ಕ್ಯಾಬಿನ್ನಲ್ಲಿ ಕೂತಿರುತ್ತಾನೆ.

ಹೋದ ಹಂಗಾಮಿನಲ್ಲಿ ನಾವು ನಾಲ್ಕು ಮನೆಯವರು ಹೀಗೆ ಮಾಡಿದೆವು. ಅರ್ಧ ದಿನ ಹಿಡಿಯುತ್ತಿದ್ದ ಲೋಡು ಎರಡೂವರೆ ತಾಸಿಗೆ ಮುಗೀತು. ಮುಂದಿನ ಲೋಡಿಗೆ ಆ ಡ್ರೈವರೇ ಫೋನ್ ಮಾಡಿ, "ಯಾವತ್ತು ಬರ್ಲಿ?" ಅಂದರು.